ಕೆರೆ ದಂಡೆಯಲ್ಲಿ ಹಕ್ಕಿ ಲೆಕ್ಕ: ಕೆಲಸವಿಲ್ಲದವರ ಕೆಲಸವೇ?

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಬೆಳಗಿನ ಆರು ಗಂಟೆಗೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ನಾಲ್ಕು ಜನ ಕಂಡರೆ ಸಾಕು, ಟೀ ಅಂಗಡಿ ಮುಂದೆ ಪ್ರಶ್ನೆ ಹುಟ್ಟುತ್ತದೆ: “ಯಾವ ಇಲಾಖೆಯೋರು ಸ್ವಾಮಿ? ಸರ್ವೆಗೆ ಬಂದ್ರಾ?” ಹಕ್ಕಿ ನೋಡೋಕೆ ಹೊರಟಿದ್ದೀವಿ ಎಂದರೆ ನಗು. “ಅದಕ್ಕೆ ಬಸ್ ಚಾರ್ಜು ಬೇರೆ ಕೊಡಬೇಕಾ? ಮನೆ ಮುಂದೆ ಕಾಗೆ ಇಲ್ವಾ?”

ನಗುವವರದ್ದು ತಪ್ಪಲ್ಲ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ ಎನ್ನುವ ತಾಲೂಕುಗಳು ಇವು. ಇಲ್ಲಿ ಜನ ಆಕಾಶ ನೋಡುವುದು ಮೋಡಕ್ಕಾಗಿ, ಹಕ್ಕಿಗಾಗಿ ಅಲ್ಲ. ಶೇಂಗಾ ಕೈಗೆ ಬಂತೇ, ಈರುಳ್ಳಿಗೆ ರೇಟು ಸಿಕ್ಕಿತೇ, ಎಣ್ಣೆ ಮಿಲ್ಲು ಎಷ್ಟು ಗಾಣ ತಿರುಗಿತು ಎಂಬುದೇ ಇಲ್ಲಿನ ಸಮಾಚಾರ. ಹಾಗಿರುವಾಗ ಬಾತುಕೋಳಿ ಎಷ್ಟು, ಕೊಕ್ಕರೆ ಎಷ್ಟು ಎಂದು ಕೆರೆ ದಂಡೆಯಲ್ಲಿ ನಿಂತು ಬರೆದುಕೊಳ್ಳುವವರನ್ನು ಕಂಡರೆ ಯಾರಿಗಾದರೂ ನಗು ಬಂದೀತು.

ಆದರೆ “ಸರ್ವೆಗೆ ಬಂದ್ರಾ?” ಎಂಬ ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಆ ಪ್ರಶ್ನೆಯ ಹಿಂದೆ ಒಂದು ಕಥೆ ಇದೆ. ಹಕ್ಕಿ ಲೆಕ್ಕಕ್ಕೂ ಆ ಕಥೆಗೂ ನೇರ ಸಂಬಂಧವಿದೆ.

ಕಾವಲು ಹೋದ ಪಾಠ

ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳ ತಳಿಗೆ ಮೇವಿಗಾಗಿ ಬಿಟ್ಟ ಹುಲ್ಲುಗಾವಲುಗಳು ಚಳ್ಳಕೆರೆ ತಾಲೂಕಿನಲ್ಲಿ ಸಾವಿರಾರು ಎಕರೆ ಇದ್ದವು. ಖುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಹೆಸರು ಗೊತ್ತಿಲ್ಲದ ಕುರಿಗಾಹಿ ಈ ಸೀಮೆಯಲ್ಲಿ ಇಲ್ಲ. ಕುರಿ ಮೇಯುತ್ತಿದ್ದವು, ದೇವರ ಎತ್ತುಗಳು ಮೇಯುತ್ತಿದ್ದವು, ಜೊತೆಗೆ ಕೃಷ್ಣಮೃಗವೂ ಮೇಯುತ್ತಿತ್ತು.

2009–10ರ ಹೊತ್ತಿಗೆ ಈ ಕಾವಲುಗಳ ದೊಡ್ಡ ಪಾಲು ದೇಶದ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಮಂಜೂರಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ. ಈ ನಾಲ್ಕೇ ಕೂಡಿದರೆ 8,173 ಎಕರೆ. ಬೇಲಿ, ಗೋಡೆ ಎದ್ದಾಗಲೇ ಎಷ್ಟೋ ಹಳ್ಳಿಯವರಿಗೆ ಸಂಗತಿ ಪೂರ್ತಿ ಅರ್ಥವಾದದ್ದು. 2013ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಬಂತು. 2014ರ ಆಗಸ್ಟ್‌ನಲ್ಲಿ ತೀರ್ಪೂ ಬಂತು. ಯೋಜನೆಗಳು ನಿಲ್ಲಲಿಲ್ಲ. 2017ರ ಮೇ ತಿಂಗಳಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು.

ದೇಶಕ್ಕೆ ವಿಜ್ಞಾನ ಬೇಡ ಎಂದು ಯಾರೂ ಹೇಳುವುದಿಲ್ಲ. ಪ್ರಶ್ನೆ ಬೇರೆ. ಸರ್ಕಾರಿ ಕಾಗದದಲ್ಲಿ ಆ ನೆಲ ಖಾಲಿ ನೆಲದ ಹಾಗೆ ಕಂಡಿತಲ್ಲ, ಯಾಕೆ? ಅಲ್ಲಿ ಎಷ್ಟು ಕುರಿ ಮೇಯುತ್ತವೆ, ಎಷ್ಟು ಜನ ಬದುಕುತ್ತಾರೆ, ಯಾವ ಹಕ್ಕಿ ಗೂಡು ಕಟ್ಟುತ್ತದೆ ಎಂಬುದು ಊರವರ ಬಾಯಲ್ಲಿ ಇತ್ತು, ಪುಸ್ತಕದಲ್ಲಿ ಇರಲಿಲ್ಲ. ಬಾಯಲ್ಲಿದ್ದದ್ದಕ್ಕೆ ಕಛೇರಿಯಲ್ಲಿ ಬೆಲೆ ಇಲ್ಲ. ಎರೆಭೂತ, ದೊರವಾಯನ ಹಕ್ಕಿ ಎಂದೆಲ್ಲ ಕರೆಯುವ ಆ ಎತ್ತರದ, ಭಾರಿ ಹಕ್ಕಿ ಬದುಕುವುದೇ ಇಂಥ ಬಯಲಲ್ಲಿ. ಇವತ್ತು ಇಡೀ ದೇಶದಲ್ಲಿ ಅದರ ಸಂಖ್ಯೆ 150ಕ್ಕಿಂತ ಕಡಿಮೆ ಎಂದು ಅಂದಾಜು. ಕರ್ನಾಟಕದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಹೋದಮೇಲೆ ಲೆಕ್ಕ ಹಾಕಿ ಏನು ಬಂತು?

ಕಾವಲಿನ ಸರದಿ ಆಯಿತು. ಈಗ ಕೆರೆಗಳ ಸರದಿ.

ಅಕ್ಟೋಬರ್‌ನ ಅತಿಥಿಗಳು

ದಸರಾ ಮುಗಿದು ದೀಪಾವಳಿ ಬರುವಷ್ಟರಲ್ಲಿ ಕೆರೆಗಳಿಗೆ ಬಿದ್ದ ಹಿಂಗಾರು ನೀರು ತಿಳಿಯಾಗುತ್ತದೆ. ಮಳೆ ಕೈಕೊಡದಿದ್ದರೆ ಚಳ್ಳಕೆರೆ ತಾಲೂಕಿನ ರಾಣಿಕೆರೆ, ಮೊಳಕಾಲ್ಮೂರು ತಾಲೂಕಿನ ರಂಗಯ್ಯನದುರ್ಗ ಜಲಾಶಯ, ಊರೂರಿನ ಸಣ್ಣ ಕೆರೆಗಳು ಎಲ್ಲವೂ ಹಕ್ಕಿಗಳಿಗೆ ಛತ್ರವಾಗುವ ಕಾಲ ಇದು. ಗುಳುಮುಳುಕ, ನೀರುಕಾಗೆ, ಬೆಳ್ಳಕ್ಕಿ, ಕೆಂಬರಲು, ಟಿಟ್ಟಿಭ ಇವೆಲ್ಲ ಮನೆಯವೇ. ಇವುಗಳ ನಡುವೆ ದೂರದ ನೆಂಟರೂ ಬಂದು ಇಳಿಯುತ್ತಾರೆ. ಉತ್ತರದ ಚಳಿ ತಾಳದೆ ಬರುವ ಸೂಜಿಬಾಲದ ಬಾತು, ಅಗಲ ಕೊಕ್ಕಿನ ಬಾತು, ಕೆಸರಲ್ಲಿ ಕುಕ್ಕಿ ತಿನ್ನುವ ಬಗೆಬಗೆಯ ಗೊರವಗಳು, ಬಯಲ ಮೇಲೆ ತೇಲುತ್ತ ಮಿಡತೆ ಹಿಡಿಯುವ ಗಿಡುಗಗಳು.

ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತಿನ ಕಥೆ ಎಲ್ಲಕ್ಕಿಂತ ದೊಡ್ಡದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹೊರಟು ಹಿಮಾಲಯ ದಾಟಿ ಬರುತ್ತದೆ. 7,000 ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಯಂತ್ರ ಕಟ್ಟಿ ಅಳೆದಿದ್ದಾರೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಾಸ್‌ಪೋರ್ಟ್ ಇಲ್ಲ, ಟಿಕೆಟ್ ಇಲ್ಲ, ಆದರೂ ವರ್ಷ ವರ್ಷ ಅದೇ ಕೆರೆಗೆ ಬರುತ್ತವೆ. ಆ ಕೆರೆ ಅಲ್ಲಿ ಇದ್ದರೆ ಮಾತ್ರ.

ಅಕ್ಟೋಬರ್‌ನ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ. ನವೆಂಬರ್ 12 ಸಲೀಂ ಅಲಿ ಹುಟ್ಟಿದ ದಿನ. ಹಳೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು 1939–40ರಲ್ಲಿ ಮಾಡಿದವರು ಅವರೇ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ, 1987ರಿಂದ ನಡೆಯುತ್ತ ಬಂದಿದೆ. ಅಕ್ಟೋಬರ್‌ನಿಂದ ಜನವರಿವರೆಗೆ ನಾಲ್ಕು ತಿಂಗಳು ಹಕ್ಕಿ ನೋಡುವವರಿಗೆ ಸುಗ್ಗಿ. ಬೆಂಗಳೂರು, ಮೈಸೂರಿನವರು ಬರಲಿ ಎಂದು ಕಾಯಬೇಕಿಲ್ಲ. ಕೆರೆ ಇರುವುದು ಇಲ್ಲಿ, ಕಣ್ಣೂ ಇಲ್ಲಿದೆ.

ನೀರಿದ್ದರೆ ಸಾಲದು, ಅಂಚು ಬೇಕು

ದಂಡೆಯ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತವರಿಗೆ ಒಂದು ಸಂಗತಿ ತಾನಾಗಿ ಕಾಣುತ್ತದೆ. ಕೆರೆಯ ನಡುವಿನ ಆಳದ ನೀರಿನಲ್ಲಿ ಹಕ್ಕಿಗಳು ಕಡಿಮೆ. ಅಲ್ಲಿರುವುದು ಮುಳುಗಿ ಮೀನು ಹಿಡಿಯುವ ನೀರುಕಾಗೆ, ಗುಳುಮುಳುಕ, ನಿದ್ದೆ ಮಾಡುತ್ತ ತೇಲುವ ಬಾತು. ಜಾತ್ರೆ ನಡೆಯುವುದೆಲ್ಲ ಅಂಚಿನಲ್ಲಿ. ಬಣ್ಣದ ಕೊಕ್ಕರೆಗೆ ಮೊಳಕಾಲುದ್ದದ ನೀರು ಬೇಕು. ಮೇಯುವ ಬಾತಿಗೆ ಇನ್ನೂ ಕಡಿಮೆ ಆಳ. ಗೊರವಕ್ಕೆ ನೀರೇ ಬೇಡ, ಒದ್ದೆ ಕೆಸರು ಸಾಕು. ಟಿಟ್ಟಿಭಕ್ಕೆ ಕೆಸರೂ ಬೇಡ, ಪಕ್ಕದ ಒಣ ನೆಲದಲ್ಲೇ ಮೊಟ್ಟೆ ಇಡುತ್ತದೆ. ಅಂಚು ಅಗಲವಾಗಿ, ಇಳಿಜಾರಾಗಿ ಇದ್ದಷ್ಟೂ ಹಕ್ಕಿ ಜಾಸ್ತಿ.

ಹಳಬರು ಕಟ್ಟಿದ ಕೆರೆಗಳು ಹಾಗೇ ಇದ್ದವು. ಒಂದು ಕಡೆ ಏರಿ, ಉಳಿದ ಕಡೆ ನಿಧಾನವಾಗಿ ಏರುವ ನೆಲ. ನೀರು ಇಳಿದ ಹಾಗೆ ಹುಲ್ಲು ಬರುತ್ತಿತ್ತು, ಕುರಿ ಇಳಿಯುತ್ತಿತ್ತು, ರೈತ ಗೋಡು ಮಣ್ಣು ಹೊಡೆಯುತ್ತಿದ್ದ. ಈಗ ನಡೆಯುತ್ತಿರುವುದು ಬೇರೆ. ಜೆಸಿಬಿ ತಂದು ಮನಸ್ಸಿಗೆ ಬಂದ ಕಡೆ ಆಳವಾಗಿ ಬಗೆಯುತ್ತಾರೆ. ಕೆರೆಯಂಗಳ ಬಾವಿ ಬಾವಿಯಾಗುತ್ತದೆ. ಗೋಡೆಯ ಹಾಗೆ ನೆಟ್ಟಗೆ ನಿಂತ ಗುಂಡಿಯ ಅಂಚಿನಲ್ಲಿ ಕೊಕ್ಕರೆ ನಿಲ್ಲಲಾರದು. ಅದೇ ಗುಂಡಿಗೆ ಈಜಲು ಇಳಿದ ಮಕ್ಕಳ ಜೀವಕ್ಕೂ ಅಪಾಯ. ಉಳಿದ ಅಂಗಳದಲ್ಲಿ ಬಳ್ಳಾರಿ ಜಾಲಿ ಹಬ್ಬಿ ದನ ಹೋಗಲು ದಾರಿಯಿಲ್ಲ. ಜಾಲಿಯ ಆಚೆ ಒತ್ತುವರಿ. ದೂರದಿಂದ ನೋಡಿದರೆ ಕೆರೆ ಇದೆ, ಒಳಗೆ ಹೋಗಿ ನೋಡಿದರೆ ಏರಿ ಮಾತ್ರ ಇದೆ.

ಹಕ್ಕಿ ಲೆಕ್ಕ ಉಪಯೋಗಕ್ಕೆ ಬರುವುದು ಇಲ್ಲೇ. ಕೆರೆ ಕೆಡುವ ಸುದ್ದಿ ತಹಸೀಲ್ದಾರ್ ಕಛೇರಿಗೆ ಮುಟ್ಟುವುದಕ್ಕೆ ಮೊದಲು ಕೊಕ್ಕರೆಗೆ ಗೊತ್ತಾಗಿರುತ್ತದೆ. ಹೋದ ವರ್ಷ ಇದೇ ತಿಂಗಳು, ಇದೇ ದಂಡೆಯಲ್ಲಿ ಗೊರವ ಇಷ್ಟಿದ್ದವು, ಈ ವರ್ಷ ಒಂದೂ ಇಲ್ಲ ಎಂದರೆ ಅಂಚು ಹೋಯಿತು ಎಂದೇ ಅರ್ಥ. ಇದಕ್ಕೆ ಲ್ಯಾಬೊರೇಟರಿ ಬೇಡ, ನೋಟ್‌ಬುಕ್ ಸಾಕು.

ಅರ್ಧ ತುಂಬುವ ಕೆರೆ, ಉಳಿದರ್ಧ ಯಾರದ್ದು?

ಸದ್ಯದ ಮುಖ್ಯ ವಿಷಯ ಭದ್ರಾ ಮೇಲ್ದಂಡೆ. ತುಂಗೆಯಿಂದ ಎತ್ತುವ 17.40 ಟಿಎಂಸಿ, ಭದ್ರೆಯ 12.50 ಟಿಎಂಸಿ, ಒಟ್ಟು 29.90 ಟಿಎಂಸಿ ನೀರಿನ ಯೋಜನೆ. 2,25,515 ಹೆಕ್ಟೇರಿಗೆ ಹನಿ ನೀರಾವರಿ, ಜೊತೆಗೆ ನಾಲ್ಕು ಜಿಲ್ಲೆಗಳ 367 ಕೆರೆಗಳಿಗೆ ಅವುಗಳ ಸಾಮರ್ಥ್ಯದ ಅರ್ಧದಷ್ಟು ನೀರು. 2023–24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದದ್ದು, ಆ ಹಣದ ಮೇಲೆ ರಾಜ್ಯ–ಕೇಂದ್ರದ ನಡುವೆ ಮಾತಿಗೆ ಮಾತು ಬೆಳೆದದ್ದು ಓದುಗರಿಗೆ ಗೊತ್ತೇ ಇದೆ. ನೀರು ಬರಲಿ ಎಂಬುದರಲ್ಲಿ ಎರಡು ಮಾತಿಲ್ಲ. ವಾಣಿವಿಲಾಸ ಸಾಗರ 1933ರ ನಂತರ 89 ವರ್ಷ ಕಾದು 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಹೋಗಿ ನೋಡಿ ಬಂತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಬಾಗಿನ, ಹೂವು, ಸೆಲ್ಫಿ. ನೀರು ಕಂಡರೆ ಈ ಜಿಲ್ಲೆಯ ಜನಕ್ಕೆ ಏನಾಗುತ್ತದೆ ಎಂಬುದನ್ನು ಬೇರೆಯವರು ಹೇಳಬೇಕಿಲ್ಲ.

ಆದರೆ ಅರ್ಧ ತುಂಬಿದ ಕೆರೆಗೆ ಒಂದು ಲೆಕ್ಕಾಚಾರ ಇದೆ. ನೀರು ನಿಲ್ಲುವ ಅರ್ಧದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನೀರು ಮುಟ್ಟದ ಉಳಿದ ಅಂಗಳ ಯಾರದ್ದು? ಹದ್ದುಬಸ್ತು ಆಗದಿದ್ದರೆ ಅದು ಮೂರೇ ವರ್ಷದಲ್ಲಿ ಹೊಲವಾಗುತ್ತದೆ, ಐದು ವರ್ಷದಲ್ಲಿ ಸೈಟಾಗುತ್ತದೆ. ಆಮೇಲೆ ಒಂದು ವರ್ಷ ಜೋರು ಮಳೆ ಬಂದು ಕೆರೆ ಪೂರ್ತಿ ತುಂಬಿತೋ, “ಮನೆಗೆ ನೀರು ನುಗ್ತು, ಕೋಡಿ ಒಡೀರಿ” ಎಂದು ಕೂಗು ಏಳುತ್ತದೆ. ಕೆರೆಯ ಜಾಗದಲ್ಲಿ ಮನೆ ಕಟ್ಟಿ ಮನೆಗೆ ಕೆರೆ ಬಂತು ಎನ್ನುವುದು! ಅದೇ ಅಂಗಳ ಉಳಿದರೆ ಬೇಸಿಗೆಗೆ ಕುರಿಯ ಮೇವು, ಚಳಿಗಾಲಕ್ಕೆ ಹಕ್ಕಿಯ ಮೇವು, ಅತಿವೃಷ್ಟಿಗೆ ಊರಿನ ರಕ್ಷಣೆ. ಮೂರೂ ಒಂದೇ ನೆಲದಲ್ಲಿ.

ಇಷ್ಟಾದರೂ ಯಾರೂ ಕೇಳುವುದಿಲ್ಲ ಯಾಕೆ? ಕೆರೆಗೆ ಒಬ್ಬ ಯಜಮಾನ ಇಲ್ಲ. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದರೆ ಸಣ್ಣ ನೀರಾವರಿ ಇಲಾಖೆ, ಒಳಗಿದ್ದರೆ ಪಂಚಾಯ್ತಿ. ಮೀನಿನ ಗುತ್ತಿಗೆ ಮೀನುಗಾರಿಕೆ ಇಲಾಖೆಯದು. ನೆಲದ ಪಹಣಿ ಕಂದಾಯ ಇಲಾಖೆಯದು. ಹಕ್ಕಿ ಹೊಡೆದರೆ ಕೇಸು ಹಾಕುವುದು ಅರಣ್ಯ ಇಲಾಖೆ. ನಾಲ್ಕು ಜನ ಅಳಿಯಂದಿರ ಮನೆಯಲ್ಲಿ ಮಾವ ಉಪವಾಸ ಎಂಬ ಹಾಗೆ. ನಾಲ್ಕೂ ಕಛೇರಿಗೆ ಒಂದೇ ಕಾಗದವನ್ನು ತೋರಿಸಬಲ್ಲವರು ಯಾರು? ದಿನಾಂಕ ಹಾಕಿ, ಜಾಗ ಬರೆದು, ಸಂಖ್ಯೆ ನಮೂದಿಸಿ ಇಟ್ಟುಕೊಂಡವರು. ಟೀ ಅಂಗಡಿಯಲ್ಲಿ ನಗಿಸಿಕೊಂಡವರು.

ರೈತ ಕೇಳುವ ಪ್ರಶ್ನೆ

“ಹಕ್ಕಿ ಬಂದ್ರೆ ಬೆಳೆ ಕಥೆ ಏನಣ್ಣ?” ಎಂಬುದು ನ್ಯಾಯವಾದ ಪ್ರಶ್ನೆ. ಅದನ್ನು ತೇಲಿಸಿ ಬಿಡುವಂತಿಲ್ಲ. ಹೆಬ್ಬಾತು ಹಗಲೆಲ್ಲ ಕೆರೆಯಲ್ಲಿ ಕುಳಿತು ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತದೆ, ಕಡಲೆಯ ಎಳೆ ಚಿಗುರು ಅದಕ್ಕೆ ಪ್ರೀತಿ. ಗುಲಾಬಿ ಮೈನಾ ಸಾವಿರಗಟ್ಟಲೆ ಬಂದು ಜೋಳದ ತೆನೆಗೆ ಮುತ್ತುತ್ತದೆ. ಅದೇ ಮೈನಾ ಮಿಡತೆಯನ್ನೂ ಅಷ್ಟೇ ಆಸೆಯಿಂದ ತಿನ್ನುತ್ತದೆ ಎಂಬುದೂ ನಿಜ. ಆದರೆ ತೆನೆ ಕಳಕೊಂಡವನಿಗೆ ಮಿಡತೆಯ ಸಮಾಧಾನ ಹೇಳಿದರೆ ಆತ ಕೇಳುತ್ತಾನೆಯೇ? ನಷ್ಟ ಆದ ಕಡೆ ಪರಿಹಾರದ ಮಾತೂ ಜೊತೆಗೇ ಬರಬೇಕು. ಅದಕ್ಕೂ ಎಷ್ಟು ಹಕ್ಕಿ, ಯಾವ ತಿಂಗಳು ಎಂಬ ಲೆಕ್ಕವೇ ಆಧಾರ.

ಎರಡನೇ ಭಯ ಇನ್ನೂ ದೊಡ್ಡದು. “ಹಕ್ಕಿ ಜಾಗ ಅಂತ ಬೋರ್ಡ್ ಹಾಕಿ ನಾಳೆ ಕುರಿ ಬಿಡಬೇಡಿ ಅಂದ್ರೆ?” ಕಾವಲು ಕಳಕೊಂಡವರು ಹೀಗೆ ಹೆದರುವುದು ಸಹಜ. ಇದಕ್ಕೆ ಉತ್ತರ ಪಕ್ಕದಲ್ಲೇ ಇದೆ. ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಊರವರ ನೀರಾವರಿಗೆ ಕಟ್ಟಿದ ಕೆರೆ. ಒಳಗೆ ಕರಿಜಾಲಿ ಮರಗಳು, ಮರದ ತುಂಬ ಬಣ್ಣದ ಕೊಕ್ಕರೆ, ಕೆಂಬರಲುಗಳ ಗೂಡು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಆಯಿತು. 2024ರ ಜನವರಿ ಕೊನೆಗೆ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಕೂಡ ಅದೇ ಪಟ್ಟಿಯಲ್ಲಿ ಬಂತು. ಹೆಚ್ಚೆಂದರೆ 50 ಹೆಕ್ಟೇರಿನ ಕೆರೆ, ಆದರೆ ಚಳಿಗಾಲದಲ್ಲಿ ಹೆಬ್ಬಾತುಗಳ ದಂಡೇ ಅಲ್ಲಿ ಬೀಡುಬಿಡುತ್ತದೆ. ಸಂರಕ್ಷಣಾ ಮೀಸಲು ಎಂಬುದು ಅಭಯಾರಣ್ಯದ ಹಾಗಲ್ಲ. ಸರ್ಕಾರಿ ನೆಲದ ಮೇಲೆ, ಸ್ಥಳೀಯರ ಜೊತೆ ಮಾತಾಡಿ ಮಾಡಬೇಕು. ಸಮಿತಿಯಲ್ಲಿ ಗ್ರಾಮ ಪಂಚಾಯ್ತಿಯವರು ಇರಬೇಕು. ಒಳಗಿನ ಜನರ ಹಕ್ಕಿಗೆ ಧಕ್ಕೆ ಇಲ್ಲ ಎಂದು ಕಾನೂನೇ ಹೇಳುತ್ತದೆ. ಕಾನೂನು ಹೇಳಿದ್ದು ನಡೆಯುವಂತೆ ನೋಡಿಕೊಳ್ಳುವುದು ಊರವರ ಎಚ್ಚರಕ್ಕೆ ಬಿಟ್ಟದ್ದು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಶಿರಾ ತಾಲೂಕಿನ ಕಗ್ಗಲಡು. ಅಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಸುತ್ತಲ ಕೆರೆಗಳಿಗೆ ಹೋಗಿ ಮೀನು ತರುತ್ತವೆ. ಕಾಯುವವರು ಊರವರೇ.

ಹೋಗುವುದು ಹೇಗೆ?

ಇದೊಂದು ದೊಡ್ಡ ಶಾಸ್ತ್ರವಲ್ಲ. ಐದಾರು ಜನರ ಗುಂಪು ಸಾಕು. ಹೈಸ್ಕೂಲು ಮಕ್ಕಳು, ಒಬ್ಬಿಬ್ಬರು ಮೇಷ್ಟ್ರು, ಬೇಗ ಅಂಗಡಿ ತೆರೆಯದ ವ್ಯಾಪಾರಸ್ಥ. ಎಲ್ಲರಿಗೂ ದುರ್ಬೀನು ಬೇಕಿಲ್ಲ, ಗುಂಪಿಗೆ ಒಂದಿದ್ದರೆ ನಡೆಯುತ್ತದೆ. ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ನಿಲ್ಲಬೇಕು, ಆಗ ಸೂರ್ಯ ಬೆನ್ನಿಗೆ ಇರುತ್ತಾನೆ, ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಪಶ್ಚಿಮದಲ್ಲಿ ನಿಂತರೆ ಎಲ್ಲವೂ ಕಾಗೆಯ ಹಾಗೆ ಕಪ್ಪು. ಮಾತು ಕಡಿಮೆ, ಮೊಬೈಲು ಹಾಡು ಬಂದ್. ದೊಡ್ಡ ಹಿಂಡು ಕಂಡರೆ ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ನೋಡಿ, ಅಂಥವು ಎಷ್ಟಿವೆ ಎಂದು ಲೆಕ್ಕ ಹಾಕಿದರೆ ಸರಿಸುಮಾರು ಸಂಖ್ಯೆ ಸಿಗುತ್ತದೆ. ಸಂತೆಯಲ್ಲಿ ಕುರಿ ಹಿಂಡು ನೋಡಿ ಇಷ್ಟು ಎನ್ನುವವರಿಗೆ ಇದನ್ನು ಕಲಿಸಬೇಕೇ? ಹೆಸರು ಗೊತ್ತಿಲ್ಲದ ಹಕ್ಕಿಯ ಗುರುತು ಬರೆದಿಟ್ಟರೆ ಸಾಕು. ತಪ್ಪು ಹೆಸರು ಬರೆಯುವುದಕ್ಕಿಂತ ಅದು ಮೇಲು.

ಮುಖ್ಯವಾದದ್ದು ಒಂದೇ: ಅದೇ ಜಾಗ, ಅದೇ ತಿಂಗಳು, ವರ್ಷ ವರ್ಷ. ಒಂದು ಸಲ ಹೋಗಿ ಫೋಟೋ ತೆಗೆಸಿಕೊಂಡು ಬಂದರೆ ಅದು ಪಿಕ್ನಿಕ್ಕು. ಹತ್ತು ವರ್ಷ ಹೋದರೆ ದಾಖಲೆ. ಖರ್ಚೂ ದೊಡ್ಡದಲ್ಲ. ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೋಗುವ ಬಸ್ಸಿನಲ್ಲಿ ತಳುಕು, ಹಾನಗಲ್ ದಾಟುವವರು ಕಿಟಕಿಯಿಂದ ನೋಡಿದರೂ ಕರೆಂಟು ತಂತಿಯ ಮೇಲೆ ನೀಲಕಂಠ ಕುಳಿತಿರುವುದು ಕಂಡೀತು. ರಾಜ್ಯದ ಹಕ್ಕಿ ಅದೇ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ. ಶಾಲೆಯ ಹುಡುಗಿಯರನ್ನು ಟೀಚರಮ್ಮನವರು ಒಂದು ಭಾನುವಾರ ಕೆರೆಗೆ ಕರೆದೊಯ್ಯಲು ಯಾವ ಗ್ರಾಂಟಿಗೂ ಅರ್ಜಿ ಹಾಕಬೇಕಿಲ್ಲ. ಹಾಗೆ ಹೋದಾಗ ಬಲೆ ಬೀಸಿ ಬುರ್ಲಿ ಹಿಡಿಯುವವರು ಕಂಡರೆ ಅದನ್ನೂ ಬರೆದುಕೊಳ್ಳಲಿ. 1972ರ ವನ್ಯಜೀವಿ ಕಾಯ್ದೆ ಸಂತೆಯಲ್ಲಿ ಬುಟ್ಟಿ ಹೊತ್ತು ಮಾರುವವರಿಗೂ ಅನ್ವಯಿಸುತ್ತದೆ.

ಕೆರೆ ಮತ್ತು ಜೀವದಯೆ ಎರಡೂ ಈ ಸೀಮೆಗೆ ಹೊಸತಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಜನ ಇವತ್ತಿಗೂ ನೆನೆಯುತ್ತಾರೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಇರುವುದನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ತಂದೆ ತಾಯಿ ಮಾತು ಕೇಳಿ, ನಿಜ ನುಡಿಯಿರಿ, ಜೀವಿಗಳ ವಿಷಯದಲ್ಲಿ ದಯೆ ಬಿಡಬೇಡಿ ಎಂಬ ಅರ್ಥದ ಮಾತು ಅದರಲ್ಲಿದೆ. 2,200 ವರ್ಷಕ್ಕೂ ಹಿಂದೆ ರಾಜನೊಬ್ಬ ಈ ಊರಿನ ಕಲ್ಲಿನ ಮೇಲೆ ಬರೆಸಿದ್ದು.

ಈ ಬಾರಿಯ ಹಿಂಗಾರು ಮುಗಿಯುವುದರೊಳಗೆ ಎರಡು ತಾಲೂಕುಗಳ ಆಡಳಿತ ಒಂದು ಸಣ್ಣ ಕೆಲಸ ಮಾಡಬಹುದು. ಭದ್ರಾ ನೀರು ಬರಬೇಕಾದ ಕೆರೆಗಳ ಪಟ್ಟಿ ಹಿಡಿದು, ಪೂರ್ತಿ ತುಂಬಿದಾಗ ನೀರು ನಿಲ್ಲುವ ಗೆರೆಗೆ ಕಲ್ಲು ನೆಡಿಸಿ, ಅದರೊಳಗಿನ ನೆಲ ಯಾರಿಗೂ ಮಂಜೂರಾಗದು ಎಂದು ಪಂಚಾಯ್ತಿ ಬೋರ್ಡಿನ ಮೇಲೆ ಬರೆಸುವುದು. ಹೂಳೆತ್ತುವ ಗುತ್ತಿಗೆದಾರನಿಗೆ ಅಂಚು ಇಳಿಜಾರಾಗಿರಲಿ ಎಂದು ಒಂದು ಷರತ್ತು ಹಾಕುವುದು. ಇದಕ್ಕೆ ಬಜೆಟ್ ಘೋಷಣೆ ಬೇಡ.

ಊರವರ ಪಾಲಿನ ಕೆಲಸವೂ ಒಂದಿದೆ. ಮುಂದಿನ ಭಾನುವಾರ ಬಸ್ ನಿಲ್ದಾಣದಲ್ಲಿ ದುರ್ಬೀನಿನವರು ಕಂಡರೆ “ಸರ್ವೆಗೆ ಬಂದ್ರಾ?” ಎಂದು ಕೇಳಲಿ, ತಪ್ಪಿಲ್ಲ. ಹೌದು ಎಂದರೆ ಅಂಗಡಿಯ ಹುಡುಗನನ್ನು ಜೊತೆಗೆ ಕಳಿಸಲಿ. ಕೆರೆಗೆ ಯಾವ ದಾರಿಯಲ್ಲಿ ಹೋಗಬೇಕೆಂಬುದು ಅವನಿಗೆ ಗೊತ್ತಿರುತ್ತದೆ.